ಬೆಳಗಿನ ಮಂಕು: ಕಾರಣ, ಉಪಾಯ, ಎಚ್ಚರಿಕೆ

ಮನಸ್ಸಿಗೆ ಬೇಸರವೆಂದು ಬಂದವರನ್ನು ಮನೋವೈದ್ಯರು ಸಾಮಾನ್ಯವಾಗಿ ಒಂದು ಪ್ರಶ್ನೆ ಕೇಳುತ್ತಾರೆ: “ಬೇಜಾರು ಬೆಳಿಗ್ಗೆ ಜಾಸ್ತಿನಾ, ಸಂಜೆ ಜಾಸ್ತಿನಾ?” “ಬೆಳಿಗ್ಗೆನೇ ಡಾಕ್ಟ್ರೇ, ಏಳೋದಕ್ಕೇ ಮನಸ್ಸು ಬರಲ್ಲ. ಮಧ್ಯಾಹ್ನದ ಹೊತ್ತಿಗೆ ಪರವಾಗಿಲ್ಲ ಅನ್ಸುತ್ತೆ” ಎನ್ನುವವರು ಹಲವರು. ತೀವ್ರ ಖಿನ್ನತೆಯ ಒಂದು ಬಗೆಯಲ್ಲಿ ಇದು ಎದ್ದು ಕಾಣುವ ಲಕ್ಷಣ. ಆದರೆ ಬೆಳಿಗ್ಗೆ ಮಂಕಾಗಿ ಏಳುವವರೆಲ್ಲ ರೋಗಿಗಳಲ್ಲ. ಯಾವುದು ದೇಹದ ಸಹಜ ನಡೆ, ಯಾವುದು ಕಾಯಿಲೆಯ ಸೂಚನೆ ಎಂಬುದನ್ನು ಬೇರ್ಪಡಿಸಿ ನೋಡುವುದು ಈ ಅಧ್ಯಾಯದ ಉದ್ದೇಶ.

ಎದ್ದ ಮೊದಲ ಗಂಟೆ

ಕಣ್ಣು ಬಿಟ್ಟ ಮಾತ್ರಕ್ಕೆ ಮಿದುಳು ಪೂರ್ತಿ ಎಚ್ಚರವಾಗುವುದಿಲ್ಲ. ನಿದ್ದೆಯ ಜಡತೆ ಸಾಮಾನ್ಯವಾಗಿ ಅರ್ಧ ಗಂಟೆ, ಕೆಲವರಲ್ಲಿ ಒಂದು ಗಂಟೆಗೂ ಮೀರಿ ಉಳಿಯುತ್ತದೆ. ಆ ಹೊತ್ತಿನಲ್ಲಿ ತೂಗಿ ನೋಡಿ ತೀರ್ಮಾನಿಸುವ ಶಕ್ತಿ ಕುಗ್ಗಿರುತ್ತದೆ. ಜತೆಗೆ ಎದ್ದ 30ರಿಂದ 45 ನಿಮಿಷಗಳಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನು ರಕ್ತದಲ್ಲಿ ಏರುತ್ತದೆ. ದಿನದ ಓಡಾಟಕ್ಕೆ ದೇಹವನ್ನು ಅಣಿಗೊಳಿಸುವುದು ಅದರ ಕೆಲಸ. ಮನಸ್ಸಿನಲ್ಲಿ ಸಾಲ, ಪರೀಕ್ಷೆ, ಮಗಳ ಮದುವೆ ಎಂದು ಚಿಂತೆ ತುಂಬಿರುವವರಿಗೆ ಇದೇ ಏರಿಕೆ ಎದೆಬಡಿತವಾಗಿ, ಹೊಟ್ಟೆಯೊಳಗಿನ ಸಂಕಟವಾಗಿ ಅನುಭವಕ್ಕೆ ಬರಬಹುದು.

ಹಾಗಾಗಿ ಮೊದಲ ನಿಯಮ: ಹಾಸಿಗೆಯಲ್ಲಿ ಬಿದ್ದುಕೊಂಡು ಬದುಕಿನ ಲೆಕ್ಕ ಹಾಕಬೇಡಿ. ಕೆಲಸ ಬಿಡುವ ನಿರ್ಧಾರ, ಸಂಬಂಧ ಮುರಿಯುವ ನಿರ್ಧಾರ, “ನನ್ನ ಕೈಲಿ ಏನೂ ಆಗಲ್ಲ” ಎಂಬ ತೀರ್ಪು ಯಾವುದಿದ್ದರೂ ತಿಂಡಿ ಆದಮೇಲೆ ನೋಡೋಣ ಎಂದು ಮುಂದಕ್ಕೆ ಹಾಕಿ. ಹಾಗೆ ಮುಂದೂಡಿದ ಎಷ್ಟೋ ಚಿಂತೆಗಳು ಹತ್ತು ಗಂಟೆಯ ಹೊತ್ತಿಗೆ ಅರ್ಧಕ್ಕಿಳಿದಿರುತ್ತವೆ.

ಬಿಸಿಲು ಬಾಗಿಲಲ್ಲೇ ಇದೆ

ನಿದ್ದೆ, ಎಚ್ಚರ, ಹಸಿವು, ಮೈಯ ಉಷ್ಣತೆಗಳ ವೇಳಾಪಟ್ಟಿಯನ್ನು ನೋಡಿಕೊಳ್ಳುವ ಗಡಿಯಾರ ಮಿದುಳಿನ ತಳಭಾಗದಲ್ಲಿದೆ. ಅದನ್ನು ದಿನವೂ ಸರಿಪಡಿಸುವುದು ಮುಖ್ಯವಾಗಿ ಕಣ್ಣಿಗೆ ಬೀಳುವ ಬೆಳಕು. 1984ರಲ್ಲಿ ಅಮೆರಿಕದ ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಸಂಗಡಿಗರು, ಚಳಿಗಾಲ ಬಂದಾಗಲೆಲ್ಲ ಖಿನ್ನತೆಗೆ ಜಾರುವವರ ಬಗ್ಗೆ ಬರೆದು, ಪ್ರಖರ ಬೆಳಕು ಅವರಿಗೆ ನೆರವಾಗುತ್ತದೆಂದು ತೋರಿಸಿದರು. ಇಂದು ಆ ಚಿಕಿತ್ಸೆಯಲ್ಲಿ 10,000 ಲಕ್ಸ್ ಬೆಳಕು ಸೂಸುವ ದೀಪದ ಮುಂದೆ ಬೆಳಗಿನ ಹೊತ್ತು ಅರ್ಧ ಗಂಟೆ ಕೂರಿಸುವ ರೂಢಿಯಿದೆ.

ನಮಗೆ ಆ ದೀಪ ಬೇಕಿಲ್ಲ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಅಷ್ಟೆ. ಟ್ಯೂಬ್‌ಲೈಟ್ ಹಾಕಿದ ಕೋಣೆಯಲ್ಲಿ ಸಿಗುವ ಬೆಳಕು ಕೆಲವು ನೂರು ಲಕ್ಸ್. ಮೋಡ ಕವಿದ ದಿನವೂ ಹೊರಗೆ ಅದರ ಹಲವು ಪಟ್ಟು ಬೆಳಕಿರುತ್ತದೆ. ಕಾಫಿ ಲೋಟ ಹಿಡಿದು ಟಿವಿ ಮುಂದೆ ಕೂರುವ ಬದಲು ಜಗಲಿಗೋ ತಾರಸಿಗೋ ಹೋಗಿ ಕುಡಿಯಿರಿ. ಹಾಲಿನ ಪ್ಯಾಕೆಟ್ಟು ತರಲು ಸ್ಕೂಟರ್ ಬಿಟ್ಟು ನಡೆದೇ ಹೋಗಿ. ಸೂರ್ಯನನ್ನು ದಿಟ್ಟಿಸಿ ನೋಡುವುದು ಮಾತ್ರ ಬೇಡ, ಕಣ್ಣಿಗೆ ಅಪಾಯ.

ಮೊದಲು ಕೈಕಾಲು, ಆಮೇಲೆ ಮನಸ್ಸು

“ಮನಸ್ಸು ಬಂದಮೇಲೆ ಏಳ್ತೀನಿ” ಎಂದು ಕಾಯುವುದೇ ಮಂಕನ್ನು ಬೆಳೆಸುವ ದಾರಿ. ಮಲಗಿದಷ್ಟೂ ಏನೂ ಮಾಡಲಿಲ್ಲವೆಂಬ ಕೊರಗು, ಕೊರಗಿದಷ್ಟೂ ಏಳಲಾಗದ ಸೋಮಾರಿತನ. ಈ ಸುತ್ತನ್ನು ಕೆಲಸದ ಕಡೆಯಿಂದ ಮುರಿಯಬೇಕು ಎಂಬ ವಿಚಾರವನ್ನು 1970ರ ದಶಕದಲ್ಲಿ ಪೀಟರ್ ಲೆವಿನ್ಸನ್ ಎಂಬ ಮನೋವಿಜ್ಞಾನಿ ಬೆಳೆಸಿದರು. ಮುಂದೆ ಅದು ಖಿನ್ನತೆಗೆ ಒಂದು ಪರೀಕ್ಷಿತ ಚಿಕಿತ್ಸಾಕ್ರಮವಾಯಿತು.

ಕೆಲಸ ಎಷ್ಟು ಚಿಕ್ಕದಿರಬೇಕೆಂಬುದರಲ್ಲೇ ಗುಟ್ಟಿದೆ. ಬಾಗಿಲ ಮುಂದೆ ನೀರು ಹಾಕಿ ಹನ್ನೊಂದು ಚುಕ್ಕಿಯ ರಂಗೋಲಿ ಬಿಡುವ ಗೃಹಿಣಿಗೆ ಮಂಕು ಕವಿದ ದಿನ ಆ ಚುಕ್ಕಿಗಳ ನೆನಪೇ ಬೆಟ್ಟವಾಗುತ್ತದೆ. ಅವತ್ತು ನಾಲ್ಕೆಳೆ ಎಳೆದರೆ ಸಾಕು. ಆದರೆ ಹೊಸ್ತಿಲು ದಾಟಿ ಹೊರಗೆ ಬಂದು ಎಳೆಯಬೇಕು. ಐದು ಕಿಲೋಮೀಟರ್ ವಾಕಿಂಗ್ ಮಾಡುವವರು ಚಪ್ಪಲಿ ಮೆಟ್ಟಿ ರಸ್ತೆಯ ತಿರುವಿನವರೆಗೆ ಹೋಗಿ ಬಂದರಾಯಿತು. ಯಾವ ಕೆಲಸ ಎಂಬುದನ್ನು ಹಿಂದಿನ ರಾತ್ರಿಯೇ ಗೊತ್ತು ಮಾಡಿ ಚೀಟಿಯಲ್ಲಿ ಬರೆದಿಟ್ಟರೆ ಬೆಳಿಗ್ಗೆ ಯೋಚಿಸುವ ಶ್ರಮವೂ ತಪ್ಪುತ್ತದೆ.

ಹಿಂದಿನ ರಾತ್ರಿಯ ಪಾಲು

ಬೆಳಗಿನ ಮಂಕಿನ ಬೇರು ಅನೇಕ ವೇಳೆ ರಾತ್ರಿಯಲ್ಲಿರುತ್ತದೆ. ಕುಡಿದು ಮಲಗಿದರೆ ನಿದ್ದೆ ಬೇಗ ಹತ್ತುತ್ತದೆ ನಿಜ. ಆದರೆ ನಶೆ ಇಳಿಯುತ್ತಿದ್ದಂತೆ ನಿದ್ದೆ ಚೂರುಚೂರಾಗಿ, ನಸುಕಿನಲ್ಲಿ ಕಳವಳದೊಂದಿಗೆ ಎಚ್ಚರವಾಗುತ್ತದೆ. ಸಂಜೆ ಆರಕ್ಕೆ ಕುಡಿದ ಕಾಫಿಯ ಕೆಫೀನು ರಾತ್ರಿ ಹನ್ನೊಂದಕ್ಕೂ ಸುಮಾರು ಅರ್ಧದಷ್ಟು ಮೈಯಲ್ಲಿ ಉಳಿದಿರುತ್ತದೆ. ಭಾನುವಾರ ಹತ್ತರವರೆಗೆ ಮಲಗಿ ಸೋಮವಾರ ಆರಕ್ಕೆ ಎದ್ದರೆ ದೇಹದ ಗಡಿಯಾರಕ್ಕೆ ದಿಕ್ಕು ತಪ್ಪುತ್ತದೆ. ಏಳುವ ಹೊತ್ತನ್ನು ವಾರದ ಏಳೂ ದಿನ ಒಂದೇ ಇಟ್ಟುಕೊಳ್ಳಿ.

ವೈದ್ಯರನ್ನು ಯಾವಾಗ ಕಾಣಬೇಕು?

ಮಂಕು ಎರಡು ವಾರ ಮೀರಿ ಹೆಚ್ಚುಕಡಿಮೆ ದಿನವೂ ಉಳಿದರೆ, ಮೂರು ನಾಲ್ಕು ಗಂಟೆಗೇ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿದ್ದರೆ, ಊಟ ರುಚಿಸದಿದ್ದರೆ, ಇಷ್ಟದ ಕೆಲಸವೂ ಬೇಡವೆನಿಸಿದರೆ ತಡ ಮಾಡಬೇಡಿ. ಥೈರಾಯ್ಡ್ ಕೊರತೆ, ರಕ್ತಹೀನತೆಗಳೂ ಇಂಥದ್ದೇ ಸುಸ್ತು ತರುವುದರಿಂದ ರಕ್ತಪರೀಕ್ಷೆ ಬೇಕಾಗಬಹುದು. ಖಿನ್ನತೆಯ ಮಾತ್ರೆಗಳ ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ. ನಾಲ್ಕು ದಿನ ನುಂಗಿ ಬಿಡುವುದು ಸರಿಯಲ್ಲ. ನಿಮ್ಹಾನ್ಸ್ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಇಪ್ಪತ್ತು ಜನರಲ್ಲಿ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಖಿನ್ನತೆ ಅನುಭವಿಸಿದವರು. ಮನೆಯಲ್ಲಿ ಅಂಥವರಿದ್ದರೆ ಅವರನ್ನು ಮೈಗಳ್ಳರೆಂದು ಹಂಗಿಸದೆ, ಆಸ್ಪತ್ರೆಗೆ ಜತೆಗೆ ಹೋಗಿ.

ಸಾಯುವ ಯೋಚನೆ ಸುಳಿದರೆ ಎರಡು ವಾರ ಕಾಯುವ ಮಾತೇ ಇಲ್ಲ. ಆ ಕ್ಷಣವೇ ಮನೆಯವರಿಗೆ ಹೇಳಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತವಾಗಿ ಸಿಗುತ್ತದೆ; ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ಇಂದೇ ನಿಮ್ಮ ಫೋನಿನಲ್ಲಿ ಬರೆದಿಟ್ಟುಕೊಳ್ಳಿ.