ಸೋಲಿಸಲೆಂದೇ ಹುಟ್ಟಿದ ಆಟ

ನಾಣ್ಯವೊಂದನ್ನು ನುಂಗಿ, ಕೆಲವೇ ನಿಮಿಷಗಳಲ್ಲಿ ಆಟಗಾರನನ್ನು ಸೋಲಿಸಿ ಹೊರಗಟ್ಟಿ, ಆದರೂ ಅವನ ಕೈ ಮತ್ತೆ ಜೇಬನ್ನೇ ತಡಕುವಂತೆ ಮಾಡಿದ ಯಂತ್ರವೊಂದು 1978ರಲ್ಲಿ ಜಪಾನಿನಲ್ಲಿ ಅವತರಿಸಿತು. ಟೈಟೊ ಸಂಸ್ಥೆಯ ತೊಮೊಹಿರೊ ನಿಶಿಕಾಡೊ ರಚಿಸಿದ ಆ ಆಟವೇ ಸ್ಪೇಸ್ ಇನ್‌ವೇಡರ್ಸ್. ಅಟಾರಿ ಸಂಸ್ಥೆಯ ಬ್ರೇಕ್‌ಔಟ್‌ನಲ್ಲಿ ಚೆಂಡಿನಿಂದ ಇಟ್ಟಿಗೆಗಳನ್ನೊಡೆಯುವ ಸುಖವನ್ನು ಕಂಡಿದ್ದ ಆತನು, ಆ ಜಡವಸ್ತುಗಳ ಸ್ಥಾನದಲ್ಲಿ ತಿರುಗಿ ಹೊಡೆಯಬಲ್ಲ ವೈರಿಗಳನ್ನು ನಿಲ್ಲಿಸಿದನು.

ಸಾಲಿಗೆ 11ರಂತೆ 5 ಸಾಲುಗಳಲ್ಲಿ 55 ಅನ್ಯಲೋಕಜೀವಿಗಳು ಅಡ್ಡಡ್ಡಲಾಗಿ ಸರಿಯುತ್ತ, ಅಂಚು ಮುಟ್ಟಿದೊಡನೆ ಒಂದು ಹೆಜ್ಜೆ ಕೆಳಗಿಳಿಯುತ್ತವೆ. ಒಂದೊಂದನ್ನಾಗಿ ಸರಿಸಬೇಕಾಗಿದ್ದ ಇಂಟೆಲ್ 8080 ಪ್ರೊಸೆಸರಿಗೆ ಅಷ್ಟೊಂದು ಸೈನ್ಯದ ಭಾರವು ಹೆಚ್ಚಾಗಿದ್ದುದರಿಂದ ಮೊದಮೊದಲು ನಡೆ ಮಂದವಾಗಿದ್ದು, ಶತ್ರುಗಳು ಅಳಿದಂತೆಲ್ಲ ಉಳಿದವರ ವೇಗವು ತಾನಾಗಿಯೇ ಏರಿತು. ಯಂತ್ರದ ಈ ಅಶಕ್ತಿಯನ್ನು ತಿದ್ದದೆ ಹಾಗೆಯೇ ಉಳಿಸಿಕೊಂಡುದರಲ್ಲಿ ನಿಶಿಕಾಡೊವಿನ ಪ್ರತಿಭೆಯಿದೆ. ಗೆಲುವು ಸಮೀಪಿಸಿದಷ್ಟೂ ಅಪಾಯವು ತೀವ್ರವಾಗುವುದೆಂಬ ಧರ್ಮವು ಗುಂಡುಹಾರಿಸುವ ಆಟಗಳ ಈ ಪ್ರಕಾರಕ್ಕೆ ಹೀಗೆ ಜನ್ಮತಃ ಪ್ರಾಪ್ತವಾಯಿತು.

ಆಟವು ಬೇಗ ಮುಗಿದಷ್ಟೂ ನಾಣ್ಯಗಳು ಹೆಚ್ಚು ಬೀಳುವುದರಿಂದ ಕಾಠಿಣ್ಯವು ಯಂತ್ರವನ್ನಿಟ್ಟ ವರ್ತಕನಿಗೂ ಹಿತವೇ ಆಗಿತ್ತು. ಅಮೆರಿಕದಲ್ಲಿ ವಿಲಿಯಮ್ಸ್ ಸಂಸ್ಥೆಯ ಯೂಜೀನ್ ಜಾರ್ವಿಸ್ 1981ರಲ್ಲಿ ಹೊರತಂದ ಡಿಫೆಂಡರ್ ಆಟಕ್ಕೆ ಒಂದು ಜಾಯ್‌ಸ್ಟಿಕ್ಕೂ ಐದು ಬಟನ್ನುಗಳೂ ಇದ್ದವು. ಹಾರುವುದು, ಹಿಂದಿರುಗುವುದು, ಗುಂಡುಹಾರಿಸುವುದು ಇವುಗಳ ನಡುವೆಯೇ ನೆಲದ ಮೇಲಿನ ಮನುಷ್ಯರನ್ನು ಅಪಹರಣದಿಂದ ಕಾಯಬೇಕಾಗಿದ್ದು, ಅವರೆಲ್ಲರೂ ಕೈತಪ್ಪಿದರೆ ಗ್ರಹವೇ ಸಿಡಿದುಹೋಗುತ್ತಿತ್ತು. ಜಪಾನಿನ ಕೇವ್ ಸಂಸ್ಥೆಯ ಡೊಡೊನ್‌ಪಾಚಿ (1997) ಬರುವ ವೇಳೆಗೆ ಪರದೆಯು ಗುಂಡುಗಳಿಂದಲೇ ತುಂಬಿಹೋಯಿತು.

ಆದರೆ ಕ್ರೌರ್ಯಮಾತ್ರದಿಂದ ಯಾವ ಆಟವೂ ಚಿರಂಜೀವಿಯಾಗಲಾರದು. ಡೊಡೊನ್‌ಪಾಚಿಯಲ್ಲಿ ಆಟಗಾರನ ವಿಮಾನವು ಎಷ್ಟೇ ದೊಡ್ಡದಾಗಿ ಕಂಡರೂ ಗುಂಡು ತಾಗಿ ನಾಶವಾಗುವ ಭಾಗವು ಅದರ ನಡುವಿನ ಅಲ್ಪಸ್ಥಳವಷ್ಟೇ. ಆದುದರಿಂದ, ಅಸಾಧ್ಯವೆಂದು ತೋರುವ ಗುಂಡಿನ ಮಳೆಯಲ್ಲಿಯೂ ಕೂದಲೆಳೆಯಷ್ಟು ದಾರಿಯಿದ್ದೇ ಇರುತ್ತದೆ. ಇಂಥ ಆಟಗಳಲ್ಲಿ ಶತ್ರುಗಳು ಬರುವ ಕ್ರಮವು ಬಹುಮಟ್ಟಿಗೆ ನಿಯತವಾದುದರಿಂದ, ನಿನ್ನೆ ಕೊಂದ ಗುಂಡು ಇಂದು ಯಾವ ಮೂಲೆಯಿಂದ ಬರುವುದೆಂದು ಅಭ್ಯಾಸಿಯು ಬಲ್ಲನು. ಸೋತವನಿಗೆ ದೈವವನ್ನು ದೂರುವ ಅವಕಾಶವೇ ಕಡಮೆ.

ಈಗ ಈ ಆಟಗಳು ಮನೆಮನೆಗೂ ಬಂದಿವೆ. ನಾಣ್ಯದ ಹಂಗಿಲ್ಲದೆ, ಸತ್ತಷ್ಟು ಸಲ ಬದುಕಿ, ಯಾರಾದರೂ ಕೊನೆಯವರೆಗೆ ಹೋಗಬಹುದು. ಆದಾಗ್ಯೂ ಒಂದೇ ಕ್ರೆಡಿಟ್ಟಿನಲ್ಲಿ, ಎಂದರೆ ಮತ್ತೆ ನಾಣ್ಯ ಹಾಕದೆ, ಆಟವನ್ನು ಮುಗಿಸುವುದೇ ನಿಜವಾದ ಗೆಲುವೆಂದು ಇದರ ಉಪಾಸಕರು ಇಂದಿಗೂ ಎಣಿಸುತ್ತಾರೆ. ವರ್ತಕನು ಲಾಭಕ್ಕಾಗಿ ಹಾಕಿದ ಕಟ್ಟಳೆಯನ್ನು, ಅವನು ಅಂಗಡಿಯೆತ್ತಿದ ಮೇಲೆಯೂ, ಆಟಗಾರನೇ ಸ್ವಸಂತೋಷದಿಂದ ವ್ರತವಾಗಿ ಹಿಡಿದಿದ್ದಾನೆ.