ಅಲಿಪುರದ ಮಗುವಿಗೆ ಯಂತ್ರ ಕನ್ನಡ ಕಲಿಸೀತೆ?

ಕೋಲ್ಕತ್ತದ ಅಲಿಪುರದಿಂದ ಓದುಗರೊಬ್ಬರು ಕೇಳಿದ್ದಾರೆ: "ಮಗಳು ಹುಟ್ಟಿದ್ದು ಇಲ್ಲೇ. ಶಾಲೆಯಲ್ಲಿ ಇಂಗ್ಲಿಷ್, ಆಟದಲ್ಲಿ ಬಂಗಾಳಿ. ಕನ್ನಡ ಅರ್ಥವಾಗುತ್ತದೆ, ಆದರೆ ಬಾಯಿ ಬಿಡುವುದಿಲ್ಲ. ವಿಆರ್ ಹೆಡ್‌ಸೆಟ್ ಹಾಕಿಕೊಂಡು ಎಐ ಜೊತೆ ಮಾತಾಡಿದರೆ ಭಾಷೆ ತಾನಾಗಿ ಬರುತ್ತದಂತೆ. ನಿಜವೇ?"

ತಾನಾಗಿ ಬರುವುದಿಲ್ಲ. ಹಾಗೆಂದು ಈ ತಂತ್ರಜ್ಞಾನವನ್ನು ತಳ್ಳಿಹಾಕುವಂತೆಯೂ ಇಲ್ಲ. ಯಾಕೆನ್ನುವುದಕ್ಕೆ ಎರಡು ಪ್ರಯೋಗಗಳನ್ನು ನೋಡಬೇಕು.

ಅಮೆರಿಕದ ಸಿಯಾಟಲ್‌ನಲ್ಲಿ ಪೆಟ್ರೀಷಿಯಾ ಕೂಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಕೇಳಿಸಿದರು. ಇಂಗ್ಲಿಷ್ ಮನೆಯ ಮಕ್ಕಳು ಅವರು. ಕೆಲವು ಮಕ್ಕಳ ಎದುರು ಮ್ಯಾಂಡರಿನ್ ಮಾತಾಡುವವರೇ ಕೂತು ಪುಸ್ತಕ ಓದಿದರು, ಆಟಿಕೆ ತೋರಿಸಿ ಆಡಿಸಿದರು. ಉಳಿದವಕ್ಕೆ ಅದೇ ಮಾತು, ಅದೇ ಆಟಿಕೆ, ಆದರೆ ಟೀವಿಯಲ್ಲಿ, ಇಲ್ಲವೇ ಬರೀ ಧ್ವನಿಮುದ್ರಣದಲ್ಲಿ. ಹನ್ನೆರಡು ಪಾಠಗಳ ಬಳಿಕ ಪರೀಕ್ಷಿಸಿದರೆ, ಮನುಷ್ಯರೊಂದಿಗೆ ಕಳೆದ ಮಕ್ಕಳು ಮ್ಯಾಂಡರಿನ್‌ನ ಸೂಕ್ಷ್ಮ ಧ್ವನಿಭೇದವನ್ನು ಗುರುತಿಸುತ್ತಿದ್ದವು. ಟೀವಿ ನೋಡಿದವು ಏನೂ ಕಲಿತಿರಲಿಲ್ಲ. 2003ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ನಾನು ಎಷ್ಟು ಸಲ ಹೇಳಿದರೂ ದಣಿಯುವುದಿಲ್ಲ.

ಹಾಗಾದರೆ ತಪ್ಪು ಪರದೆಯದೇ? 2014ರ ಇನ್ನೊಂದು ಅಧ್ಯಯನ ಇದನ್ನೇ ಕೆದಕಿತು. ಎರಡರಿಂದ ಎರಡೂವರೆ ವರ್ಷದ ಮಕ್ಕಳು ಸ್ಕೈಪ್ ಕರೆಯಲ್ಲಿ ಹೊಸ ಕ್ರಿಯಾಪದಗಳನ್ನು ಎದುರುಬದುರು ಕೂತಷ್ಟೇ ಚೆನ್ನಾಗಿ ಕಲಿತವು. ಮೊದಲೇ ಮುದ್ರಿಸಿಟ್ಟ ವಿಡಿಯೊದಿಂದ ಕಲಿಯಲಿಲ್ಲ. ಎರಡರಲ್ಲೂ ಇದ್ದದ್ದು ಪರದೆಯೇ. ಕರೆಯಲ್ಲಿ ಮಗು ನಕ್ಕರೆ ಆಚೆಯವರು ನಗುತ್ತಾರೆ, ಮಗು ತೊದಲಿದರೆ ಕಾಯುತ್ತಾರೆ. ಮಾತಿಗೆ ಮಾತು ಸಿಕ್ಕಲ್ಲಿ ಭಾಷೆ ಹತ್ತುತ್ತದೆ.

ಎಐ ಬಗ್ಗೆ ನನಗೆ ಆಸೆ ಮೂಡುವುದು ಇಲ್ಲಿಯೇ. ಹಳೆಯ ಕ್ಯಾಸೆಟ್ಟು, ಸಿ.ಡಿ. ಪಾಠಗಳು ಮುದ್ರಿತ ವಿಡಿಯೊದ ಜಾತಿಯವು. ಇಂದಿನ ಎಐ ಮರುಮಾತಾಡುತ್ತದೆ, ಬೇಸರಿಸದೆ ಹತ್ತು ಸಲ ಹೇಳಿಸುತ್ತದೆ. ಇನ್ನು ಹೆಡ್‌ಸೆಟ್ಟು. ಐವಾನ್ ಸದರ್‌ಲೆಂಡ್ 1968ರಲ್ಲಿ ತಲೆಗೆ ಹಾಕುವ ಇಂಥ ಮೊದಲ ಪರದೆಯನ್ನು ತೋರಿಸಿದಾಗ ಅದನ್ನು ಚಾವಣಿಗೆ ತೂಗುಹಾಕಬೇಕಿತ್ತು. ಈಗ ಕನ್ನಡಕದಂತೆ ಹಾಕಿಕೊಂಡರೆ ಸಾಕು, ಮಗು ಮೈಸೂರಿನ ದೇವರಾಜ ಮಾರುಕಟ್ಟೆಯಂಥ ಒಂದು ಕೃತಕ ಸಂತೆಯಲ್ಲಿ ನಿಂತು ಹೂವಿನ ಬೆಲೆ ಕೇಳಬಹುದು. ತಪ್ಪಾಡಿದರೆ ನಗುವವರಿಲ್ಲ.

ಈ ಕೊನೆಯದು ಸಣ್ಣ ಸಂಗತಿಯಲ್ಲ. ಪರಭಾಷೆ ಕಲಿಯುವವರನ್ನು ಕಾಡುವ ಅಂಜಿಕೆಯನ್ನು ಅಳೆಯಲು ಎಲೇನ್ ಹಾರ್ವಿಟ್ಸ್ ಮತ್ತಿಬ್ಬರು 1986ರಲ್ಲೇ ಒಂದು ಪ್ರಶ್ನಾವಳಿ ರೂಪಿಸಿದರು. ಅದು ಇಂದಿಗೂ ಬಳಕೆಯಲ್ಲಿದೆ. ನಮ್ಮ ಹಳ್ಳಿಗಳಲ್ಲಿ ಈಜು ಕಲಿಸುವಾಗ ಮಗುವಿನ ಸೊಂಟಕ್ಕೆ ಬೆಂಡು ಕಟ್ಟಿ ಬಾವಿಗೆ ಇಳಿಸುತ್ತಾರಲ್ಲ, ವಿಆರ್ ಮಾಡುವ ಕೆಲಸ ಅದೇ. ಮುಳುಗುವ ಭಯ ಹೋದರೆ ಕೈಕಾಲು ಬಡಿಯುವ ಧೈರ್ಯ ಬರುತ್ತದೆ. ದಿನ ಕಳೆದಂತೆ ಬೆಂಡು ಕಡಿಮೆ ಮಾಡುತ್ತಾರೆ, ಕೊನೆಗೆ ಬಿಚ್ಚಿಡುತ್ತಾರೆ. ಬಾವಿಯಲ್ಲಿ ನೀರಿಲ್ಲದಿದ್ದರೆ ಎಂಥ ಬೆಂಡು ಕಟ್ಟಿಯೂ ಉಪಯೋಗವಿಲ್ಲ. ಭಾಷೆಯ ಮಟ್ಟಿಗೆ ಆ ನೀರೆಂದರೆ ಅದನ್ನಾಡುವ ಜನ. ಜಾಹೀರಾತುಗಳು ಬೆಂಡನ್ನೇ ಬಾವಿಯೆಂದು ಮಾರುತ್ತಿವೆ. ಅದಕ್ಕೆ ನನ್ನ ಆಕ್ಷೇಪ.

ಕನ್ನಡಕ್ಕೆ ಇನ್ನೊಂದು ತೊಡಕಿದೆ. ಕಲಿಸುವ ಯಂತ್ರಕ್ಕೆ ಮೊದಲು ಕೇಳಲು ಬರಬೇಕು. ಬಂಗಾಳಿಯಲ್ಲಿ ಹ್ರಸ್ವ-ದೀರ್ಘ ಬದಲಾದರೆ ಅರ್ಥ ಬದಲಾಗುವುದಿಲ್ಲ, ಳಕಾರವೂ ಇಲ್ಲ. ಹಾಗಾಗಿ ಅಲಿಪುರದಲ್ಲಿ ಬೆಳೆದ ಮಗು ಬಳೆ-ಬಾಳೆ, ಹಲ್ಲಿ-ಹಳ್ಳಿಗಳಲ್ಲಿ ಎಡವುವುದು ಸಹಜ. ಆದರೆ ಮಾತನ್ನು ಬರಹಕ್ಕಿಳಿಸುವ ತಂತ್ರಾಂಶ ಸಂದರ್ಭ ನೋಡಿ ಪದವನ್ನು ಊಹಿಸುತ್ತದೆ. ಮಗು "ನಮ್ಮ ಹಲ್ಲಿಗೆ ಹೋಗೋಣ" ಎಂದರೂ ಅದು "ಹಳ್ಳಿಗೆ" ಎಂದೇ ಬರೆದುಕೊಂಡು ಶಹಬ್ಬಾಸ್ ಹೇಳೀತು. ದಿನದ ಬಳಕೆಗೆ ಈ ಉದಾರತೆ ವರ, ಮೇಷ್ಟರಿಗೆ ಅದು ದೋಷ. ಓಪನ್‌ಎಐ 2022ರಲ್ಲಿ ಹೊರತಂದ ಇಂಥದೇ ತಂತ್ರಾಂಶ ವಿಸ್ಪರ್ ಕಲಿತದ್ದು 6,80,000 ಗಂಟೆಗಳ ಧ್ವನಿಯಿಂದ. ಅದರಲ್ಲಿ ಕನ್ನಡ ಮಾತನ್ನು ಕನ್ನಡ ಬರಹದೊಂದಿಗೆ ಜೋಡಿಸಿದ ಪಾಠ ಬೆರಳೆಣಿಕೆಯ ಗಂಟೆಗಳಷ್ಟು.

ಕನ್ನಡದ ಸಂಪತ್ತು ಮತ್ತೆಲ್ಲಿದೆ? ಒಂದು ದೊಡ್ಡ ಪಾಲು ಪ್ರಶ್ನೆ ಕೇಳಿದವರ ನೆರೆಯಲ್ಲೇ ಇದೆ. ಅಲಿಪುರದ ಬೆಲ್ವೆಡಿಯರ್ ಬಂಗಲೆಯ ಆವರಣದಲ್ಲಿರುವುದು ನಮ್ಮ ರಾಷ್ಟ್ರೀಯ ಗ್ರಂಥಾಲಯ. 1836ರ ಕಲ್ಕತ್ತ ಸಾರ್ವಜನಿಕ ಗ್ರಂಥಾಲಯ ಅದರ ಮೂಲ. 1903ರಲ್ಲಿ ಇಂಪೀರಿಯಲ್ ಲೈಬ್ರರಿಯಾಗಿ ಜನರಿಗೆ ತೆರೆಯಿತು. 34 ಭಾಷೆ ಬಲ್ಲವರೆಂದು ಹೆಸರಾದ ಹರಿನಾಥ್ ಡೇ ಅದರ ಗ್ರಂಥಪಾಲರಾಗಿದ್ದರು. ಸ್ವಾತಂತ್ರ್ಯಾನಂತರದ ಮೊದಲ ರಾಷ್ಟ್ರೀಯ ಗ್ರಂಥಪಾಲರು ಬಳ್ಳಾರಿ ಶಾಮಣ್ಣ ಕೇಶವನ್. ಬೆಲ್ವೆಡಿಯರ್‌ನ ಬಾಗಿಲು ಓದುಗರಿಗೆ ತೆರೆದದ್ದು 1953ರ ಫೆಬ್ರುವರಿ 1ರಂದು. ಮರುವರ್ಷ ಬಂದ ಕಾಯ್ದೆಯ ಪ್ರಕಾರ ಧಾರವಾಡದಲ್ಲಿ ಅಚ್ಚಾದರೂ ಮಂಗಳೂರಿನಲ್ಲಿ ಅಚ್ಚಾದರೂ ಪ್ರತಿ ಹೊಸ ಪುಸ್ತಕದ ಒಂದು ಪ್ರತಿ ಅಲಿಪುರಕ್ಕೆ ಹೋಗಬೇಕು. ಹಕ್ಕುಸ್ವಾಮ್ಯ ಮುಗಿದವನ್ನಾದರೂ ಯಂತ್ರ ಓದುವಂತೆ ಮಾಡಿದರೆ ಕನ್ನಡ ಎಐಗೆ ಅದಕ್ಕಿಂತ ಒಳ್ಳೆಯ ಆಹಾರ ಬೇರೆ ಸಿಗದು.

ಆದರೆ ಅದೆಲ್ಲ ಬರಹದ ಕನ್ನಡ. ಪುಸ್ತಕ ಮಾತ್ರ ಓದಿದ ಯಂತ್ರ "ಮಾಡುತ್ತಿದ್ದೇನೆ" ಎಂದು ಕಲಿಸುತ್ತದೆ. ಮೈಸೂರಿನ ಅಜ್ಜಿ "ಮಾಡ್ತಿದೀನಿ" ಎನ್ನುತ್ತಾರೆ, ಧಾರವಾಡದ ಅಜ್ಜಿ "ಮಾಡಾಕತ್ತೇನಿ" ಎನ್ನುತ್ತಾರೆ. ಈ ಮಾತಿನ ಕನ್ನಡವನ್ನು ಕೂಡಿಡುವ ಪ್ರಯತ್ನಗಳು ಶುರುವಾಗಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ನೆರವಿನಿಂದ ನಡೆಸುತ್ತಿರುವ 'ವಾಣಿ' ಯೋಜನೆ ದೇಶದ 773 ಜಿಲ್ಲೆಗಳಿಂದ ಒಂದೂವರೆ ಲಕ್ಷ ಗಂಟೆಗಳ ಮಾತನ್ನು ಸಂಗ್ರಹಿಸುವ ಗುರಿ ಇಟ್ಟುಕೊಂಡಿದೆ. ಅದು ಪೂರ್ಣವಾದರೆ ಯಂತ್ರಕ್ಕೆ ನಮ್ಮ ಜಿಲ್ಲೆ ಜಿಲ್ಲೆಯ ಉಚ್ಚಾರ ಕೇಳಿದಂತಾಗುತ್ತದೆ.

ಅಲಿಪುರದ ಓದುಗರಿಗೆ ನನ್ನ ಸಲಹೆ ಇದು. ಮಗಳಿಗೆ ಹತ್ತು ತುಂಬಿಲ್ಲವಾದರೆ ಹೆಡ್‌ಸೆಟ್ ಸದ್ಯ ಬೇಡ. ಮೆಟಾದಂಥ ತಯಾರಕರೇ 10 ವರ್ಷದೊಳಗಿನ ಮಕ್ಕಳಿಗೆ ಕೊಡಬೇಡಿ ಎನ್ನುತ್ತಾರೆ. ಎಐ ಜೊತೆ ಮಗಳು ಕತೆ ಹೇಳಿ ಆಡಲಿ, ಆದರೆ ನೀವು ಪಕ್ಕದಲ್ಲಿದ್ದು ಉಚ್ಚಾರ ತಿದ್ದಿ. ದಿನಕ್ಕೊಮ್ಮೆ ಊರಿನ ಅಜ್ಜಿಗೆ ವಿಡಿಯೊ ಕರೆ ಮಾಡಿ, ನಡುವೆ ನೀವು ಅನುವಾದಿಸಲು ಹೋಗಬೇಡಿ. ಉಳಿದ ಓದುಗರಲ್ಲಿ ಒಂದು ವಿನಂತಿ: ಕೇಂದ್ರ ಸರ್ಕಾರದ ಭಾಷಿಣಿ ಯೋಜನೆಯ 'ಭಾಷಾದಾನ್' ತಾಣದಲ್ಲಿ ಕನ್ನಡ ಆರಿಸಿಕೊಂಡು ದನಿ ಕೊಡಿ. ಉಚ್ಚಾರವನ್ನು ನಯಗೊಳಿಸದೆ, ನಿಮ್ಮೂರಿನ ರಾಗದಲ್ಲೇ ಓದಿ.