ಕೈಗೆಟುಕದ ಪೆಟ್ರೋಲು

ಹಳೆಯ ಬೈಕು ಓಡಿಸಿದವರಿಗೆ ಗೊತ್ತು: ಇಂಜಿನ್ ಮುಕ್ಕರಿಸತೊಡಗಿದರೆ ಎಡಗೈ ಕೆಳಗಿಳಿಸಿ ಕಾಕನ್ನು ರಿಸರ್ವ್‌ಗೆ ತಿರುಗಿಸಿದರಾಯಿತು. ಕಣ್ಣು ರಸ್ತೆ ಬಿಟ್ಟು ಕದಲುವುದಿಲ್ಲ. ಅದೇ ಕಾಕು ಎಡಭುಜದ ಹಿಂದಿದ್ದರೆ?

1997ರ ಅಕ್ಟೋಬರ್ 12ರಂದು ಅಮೆರಿಕದ ಗಾಯಕ ಜಾನ್ ಡೆನ್ವರ್ ಕ್ಯಾಲಿಫೋರ್ನಿಯಾದ ಮಾಂಟೆರೇಯಿಂದ ಒಬ್ಬರೇ ಹಾರಿದ್ದು ಅಂಥದೊಂದು ವಿಮಾನದಲ್ಲಿ. ಅದು ಬರ್ಟ್ ರುಟಾನ್ ವಿನ್ಯಾಸದ, ಹವ್ಯಾಸಿಗಳು ತಾವೇ ಕಟ್ಟಿಕೊಳ್ಳುವ ಎರಡು ಸೀಟಿನ ಲಾಂಗ್-ಈಜೀ. ಅದಕ್ಕೆ ಎಡಕ್ಕೊಂದು, ಬಲಕ್ಕೊಂದು ಇಂಧನದ ಟ್ಯಾಂಕು. ರುಟಾನ್ ನಕ್ಷೆಯಲ್ಲಿ ಟ್ಯಾಂಕು ಬದಲಿಸುವ ವಾಲ್ವ್ ಇದ್ದದ್ದು ಪೈಲಟ್‌ನ ಕಾಲುಗಳ ನಡುವೆ. ಇಂಧನದ ಕೊಳವೆ ಕಾಕ್‌ಪಿಟ್ಟಿನೊಳಗೆ ಬೇಡವೆಂದು ಈ ವಿಮಾನ ಕಟ್ಟಿದವರು ವಾಲ್ವನ್ನು ಪೈಲಟ್‌ನ ಎಡಭುಜದ ಹಿಂದಕ್ಕೆ ಒಯ್ದಿದ್ದರು. ಉದ್ದೇಶವೇನೋ ಒಳ್ಳೆಯದೇ.

ಎರಡೂ ಟ್ಯಾಂಕುಗಳಿಂದ ಒಟ್ಟಿಗೇ ಯಾಕೆ ಹೀರಬಾರದು? ಎರಡು ಎಳನೀರಿಗೆ ಎರಡು ಸ್ಟ್ರಾ ಹಾಕಿ ಒಟ್ಟಿಗೆ ಹೀರಿ ನೋಡಿ. ಒಂದು ಬರಿದಾದದ್ದೇ ತಡ, ಬಾಯಿಗೆ ಬರುವುದು ಬರೀ ಗಾಳಿ. ಇನ್ನೊಂದರಲ್ಲಿ ಎಷ್ಟಿದ್ದರೇನು! ಪಂಪಿನ ಪಾಡೂ ಅದೇ. ಹಾಗಾಗಿ ಒಂದು ಮುಗಿದರೆ ಇನ್ನೊಂದಕ್ಕೆ ಕೈಯಿಂದಲೇ ತಿರುಗಿಸಬೇಕು.

ಇಂಧನ ಎಷ್ಟಿದೆ ಎಂದು ತೋರಿಸುವ ಗಾಜುಗಳಿದ್ದದ್ದು ಹಿಂದಿನ ಸೀಟಿನ ಪಕ್ಕ. ಅವುಗಳ ಮೇಲೆ ಗುರುತುಗಳೂ ಇರಲಿಲ್ಲ. ಮೆಕ್ಯಾನಿಕ್ ಇಣುಕಿ ನೋಡಿದಾಗ ಬಲಗಡೆ ಅರ್ಧಕ್ಕಿಂತ ಕಡಿಮೆ, ಎಡಗಡೆ ಕಾಲುಭಾಗಕ್ಕಿಂತ ಕಡಿಮೆ. ವಾಲ್ವಿನ ಹಿಡಿಗೆ ಇಕ್ಕಳ ಸಿಕ್ಕಿಸಿ ಉದ್ದ ಮಾಡಲು ನೋಡಿದರು, ಆಗಲಿಲ್ಲ. ಹಿಂದಿನ ಗಾಜು ನೋಡಿಕೊಳ್ಳಲು ಒಂದು ಕನ್ನಡಿ ಕೊಟ್ಟರು. ತುಂಬಿಸಬೇಕೇ ಎಂದರೆ, ಸುಮಾರು ಒಂದು ಗಂಟೆ ಹಾರುವುದಷ್ಟೇ, ಬೇಡ ಎಂದರು ಡೆನ್ವರ್. 2,700 ಗಂಟೆಗಳಿಗೂ ಹೆಚ್ಚು ಹಾರಿದ ಅನುಭವ ಅವರದು. ಆದರೆ ಈ ಬಗೆಯ ವಿಮಾನ ಅವರಿಗೆ ಹೊಸದು.

ಮೂರು ಸಲ ರನ್‌ವೇ ಮುಟ್ಟಿ ಮೇಲೆದ್ದು, ಕಡಲಿನತ್ತ ತಿರುಗಿದರು. ಸುಮಾರು 500 ಅಡಿ ಎತ್ತರದಲ್ಲಿ ಇಂಜಿನ್ ಸದ್ದು ಕುಗ್ಗಿದ್ದನ್ನು ದಡದಲ್ಲಿದ್ದವರು ಕೇಳಿಸಿಕೊಂಡರು. ಸಂಜೆ 5:28ಕ್ಕೆ ವಿಮಾನ ಮೂಗು ಕೆಳಗಾಗಿ ನೀರಿಗೆ ಬಿತ್ತು.

ತನಿಖೆಯವರು ಅಂಥದೇ ಸೀಟಿನಲ್ಲಿ ಕೂತು ಪರೀಕ್ಷಿಸಿದರು. ಭುಜದ ಹಿಂದಿನ ಹಿಡಿ ಎಟುಕಬೇಕಾದರೆ ಮೈಯನ್ನೇ ತಿರುಚಬೇಕು. ತಿರುಚಿದವರ ಬಲಗಾಲು ತಾನಾಗಿಯೇ ಬಲ ರಡ್ಡರ್ ಪೆಡಲನ್ನು ಒತ್ತುತ್ತದೆ. ವಿಮಾನದ ಮೂಗು ಬಲಕ್ಕೆ ಹೊರಳುತ್ತದೆ. 5,000 ಅಡಿಯಲ್ಲಾದರೆ ಸರಿಪಡಿಸಿಕೊಳ್ಳಲು ವೇಳೆಯಿರುತ್ತದೆ. 500ರಲ್ಲಿ ಎಲ್ಲಿಂದ ಬರಬೇಕು?

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ವಾಲ್ವಿನ ಜಾಗವನ್ನೂ ಗುರುತಿಲ್ಲದ ಗಾಜುಗಳನ್ನೂ ಸಾಲದ ತರಬೇತಿಯನ್ನೂ ದೂರಿತು. ಹಾರುವ ಮೊದಲು ಇಂಧನ ತುಂಬಿಸದೇ ಹೋದದ್ದನ್ನು ಮೂಲ ಕಾರಣಗಳಲ್ಲೇ ಸೇರಿಸಿತು. ತುಂಬಿಸಿದ್ದರೆ ಆ ಒಂದು ಗಂಟೆಯಲ್ಲಿ ಹಿಡಿಯನ್ನು ಮುಟ್ಟುವ ಪ್ರಸಂಗವೇ ಬರುತ್ತಿರಲಿಲ್ಲ.